ಬಿಂಬಲಿ ಲೋಟದ ಲೆಕ್ಕ: ಹಣ್ಣಿನೊಳಗಿನ ವಿಷವನ್ನು ಅಳೆಯುವುದು ಹೇಗೆ?

ಕಾರವಾರದಿಂದ ಭಟ್ಕಳದವರೆಗೆ ಬಾವಿಕಟ್ಟೆಯ ಪಕ್ಕದಲ್ಲೋ, ಬಚ್ಚಲ ನೀರು ಹರಿದುಹೋಗುವ ಹಿತ್ತಲಿನ ಮೂಲೆಯಲ್ಲೋ ಬಿಂಬಲಿ ಮರ ಕಾಣಸಿಗುತ್ತದೆ. ಕೆಲವರು ಬಿಂಬುಳಿ ಎನ್ನುತ್ತಾರೆ. ಕಾಂಡಕ್ಕೇ ಅಂಟಿಕೊಂಡು ಗೊಂಚಲು ಗೊಂಚಲಾಗಿ ಬಿಡುವ ಈ ಕಾಯಿ ಬಂಗಡೆ ಸಾರಿಗೆ ಹುಳಿಯಾಗುತ್ತದೆ, ಉಪ್ಪಿನಕಾಯಿಯಾಗುತ್ತದೆ, ಗೊಜ್ಜಾಗುತ್ತದೆ. ಕಿಲುಬು ಹಿಡಿದ ಹಿತ್ತಾಳೆ ಹಂಡೆಗೆ ತಿಕ್ಕಿದರೆ ಹಂಡೆ ಹೊಸದರಂತೆ ಹೊಳೆಯುತ್ತದೆ. ಕಿಲುಬನ್ನು ಎಬ್ಬಿಸುವುದರಲ್ಲಿ ದೊಡ್ಡ ಪಾಲು ಅದರಲ್ಲಿರುವ ಆಕ್ಸಾಲಿಕ್ ಆಮ್ಲದ್ದು. ಅದೇ ಆಮ್ಲ ಮನುಷ್ಯನ ಮೂತ್ರಪಿಂಡಕ್ಕೆ ಒಮ್ಮೆಲೇ ಹೆಚ್ಚಾಗಿ ಹೋದರೆ ಏನಾಗುತ್ತದೆ ಎಂಬುದು ಈಗ ವೈದ್ಯರಿಗೆ ಚೆನ್ನಾಗಿ ಗೊತ್ತು.

ಬಿಂಬಲಿ ರಸವನ್ನು ಖಾಲಿ ಹೊಟ್ಟೆಯಲ್ಲಿ ಕುಡಿದರೆ ಕೊಲೆಸ್ಟ್ರಾಲ್ ಇಳಿಯುತ್ತದೆ, ಸಕ್ಕರೆ ಕಾಯಿಲೆ ಹತೋಟಿಗೆ ಬರುತ್ತದೆ ಎಂಬ ಮಾತು ಕರಾವಳಿಯುದ್ದಕ್ಕೂ ಹರಡಿದೆ. ಕೇರಳದ ಐದು ಆಸ್ಪತ್ರೆಗಳಲ್ಲಿ ಹೀಗೆ ರಸ ಕುಡಿದು ಮೂತ್ರಪಿಂಡ ಕೆಲಸ ನಿಲ್ಲಿಸಿದ ಹತ್ತು ಮಂದಿಯ ವಿವರಗಳನ್ನು ಅಲ್ಲಿನ ಮೂತ್ರಪಿಂಡ ತಜ್ಞರು 2013ರಲ್ಲಿ ಪ್ರಕಟಿಸಿದರು. ಅವರಲ್ಲಿ ಏಳು ಮಂದಿಗೆ ಡಯಾಲಿಸಿಸ್ ಬೇಕಾಯಿತು. ಕೇರಳದ ಮರಕ್ಕೂ ನಮ್ಮ ಮರಕ್ಕೂ ಜಾತಿಯಲ್ಲಿ ವ್ಯತ್ಯಾಸವಿಲ್ಲ. ಹಾಗಾದರೆ ನಮ್ಮ ಅಜ್ಜಿಯರ ಕಾಲದಿಂದ ಬಂಗಡೆ ಸಾರು ಉಂಡವರಿಗೆ ಏನೂ ಆಗಲಿಲ್ಲವಲ್ಲ? ಪ್ರಶ್ನೆ ನ್ಯಾಯವಾದದ್ದೇ. ಉತ್ತರ ಇರುವುದು ಪ್ರಮಾಣದಲ್ಲಿ. ಪ್ರಮಾಣ ತಿಳಿಯಬೇಕೆಂದರೆ ಅಳೆಯಬೇಕು.

ಬ್ರೆಜಿಲಿನಲ್ಲಿ ಅಳೆದು 2001ರಲ್ಲಿ ಪ್ರಕಟಿಸಿದ ಅಂಕಿಗಳ ಪ್ರಕಾರ ಒಂದು ಗ್ರಾಂ ಬಿಂಬಲಿಯಲ್ಲಿ 8.57ರಿಂದ 10.32 ಮಿ.ಗ್ರಾಂ ಆಕ್ಸಾಲಿಕ್ ಆಮ್ಲ ಇತ್ತು. ಲೆಕ್ಕಕ್ಕೆ 9 ಎಂದು ಹಿಡಿಯೋಣ. ನಾಲ್ಕು ಜನರ ಮೀನು ಸಾರಿಗೆ 50 ಗ್ರಾಂ ಬಿಂಬಲಿ ಹಾಕಿದರೆ ಪಾತ್ರೆಯಲ್ಲಿ 450 ಮಿ.ಗ್ರಾಂ, ಒಬ್ಬರ ಬಟ್ಟಲಿಗೆ 110ರ ಆಸುಪಾಸು. ಅದೂ ಅನ್ನದ ಜೊತೆ, ಮೀನಿನ ಜೊತೆ, ಹೊಟ್ಟೆ ತುಂಬಿದಾಗ. ಅದೇ ಹಣ್ಣನ್ನು ರುಬ್ಬಿ, ಸೋಸಿ, 200 ಮಿ.ಲೀ. ಲೋಟ ತುಂಬಿಸಿ ಬೆಳಿಗ್ಗೆ ಬರಿಹೊಟ್ಟೆಗೆ ಕುಡಿದರೆ ಹೋಗುವುದು ಸುಮಾರು 1,800 ಮಿ.ಗ್ರಾಂ. ಸಾಮಾನ್ಯ ಊಟದಲ್ಲಿ ದಿನವಿಡೀ ಸೇರುವ ಆಕ್ಸಲೇಟ್ (ಇದೇ ಆಮ್ಲದ ಲವಣರೂಪ) ಅಂದಾಜು 50ರಿಂದ 200 ಮಿ.ಗ್ರಾಂ. ಅಂದರೆ ಹತ್ತು ದಿನದ ಪಾಲು ಒಂದೇ ಗುಟುಕಿಗೆ ಹೋದಂತಾಯಿತು, ತಡೆಯಲು ಹೊಟ್ಟೆಯಲ್ಲಿ ಏನೂ ಇಲ್ಲದ ಹೊತ್ತಿನಲ್ಲಿ. ರಕ್ತಕ್ಕೆ ಸೇರಿದ ಆಕ್ಸಲೇಟ್ ಮೂತ್ರಪಿಂಡದ ಸಣ್ಣ ನಾಳಗಳಲ್ಲಿ ಕ್ಯಾಲ್ಸಿಯಂ ಜೊತೆ ಕೂಡಿ ಹರಳಾಗುತ್ತದೆ. ನಾಳ ಕಟ್ಟುತ್ತದೆ, ಅದರ ಒಳಗೋಡೆ ಗಾಯಗೊಳ್ಳುತ್ತದೆ. ಬಿಸಿಲಲ್ಲಿ ದುಡಿದು ನೀರು ಕಡಿಮೆ ಕುಡಿದವರಲ್ಲಿ ಮೂತ್ರ ಗಟ್ಟಿಯಾಗಿರುವುದರಿಂದ ಹರಳು ಇನ್ನೂ ಬೇಗ ಕೂರುತ್ತದೆ.

ಜೊತೆಗೆ ಹಾಲು ಕುಡಿದರೆ ಆಯಿತಲ್ಲ ಎನ್ನುವವರಿಗೂ ಲೆಕ್ಕವೇ ಉತ್ತರ. 90 ಮಿ.ಗ್ರಾಂ ಆಕ್ಸಾಲಿಕ್ ಆಮ್ಲವನ್ನು ಕಟ್ಟಿಹಾಕಲು 40 ಮಿ.ಗ್ರಾಂ ಕ್ಯಾಲ್ಸಿಯಂ ಬೇಕು. ಒಂದು ಲೋಟ ಹಾಲಿನಲ್ಲಿ ಸುಮಾರು 240 ಮಿ.ಗ್ರಾಂ ಕ್ಯಾಲ್ಸಿಯಂ ಇದ್ದರೆ, ಅದಷ್ಟೂ ಕೆಲಸ ಮಾಡಿದರೂ ಹಿಡಿಯುವುದು 540 ಮಿ.ಗ್ರಾಂ ಮಾತ್ರ. ಉಳಿದ 1,260 ಹಾಗೆಯೇ ಇರುತ್ತದೆ. ಸಾರಿನ ಬಟ್ಟಲಿಗೆ ಈ ರಕ್ಷಣೆ ಧಾರಾಳವಾಗಿ ಸಾಕು, ರಸದ ಲೋಟಕ್ಕೆ ಏನೇನೂ ಸಾಲದು.

ಈ ಲೆಕ್ಕವೆಲ್ಲ ಬ್ರೆಜಿಲಿನ ಅಂಕಿಯ ಮೇಲೆ ನಿಂತಿದೆ. ಅಂಕೋಲೆಯ ಉಸುಕು ನೆಲದ ಮರದ ಹಣ್ಣು, ಶಿರಸಿ ಕಡೆಯ ಜಂಬಿಟ್ಟಿಗೆ ನೆಲದ ಹಣ್ಣು, ಮಳೆಗಾಲದ ಕಾಯಿ, ಏಪ್ರಿಲ್‌ನ ಕಾಯಿ ಎಲ್ಲವನ್ನೂ ಇಲ್ಲಿಯೇ ಅಳೆದು ನೋಡಬೇಕು. ಇಲ್ಲಿಯೇ ಅಳೆಯಬಹುದು ಕೂಡ.

ಕಾನೂನಿನ ಪಟ್ಟಿಯಲ್ಲಿ ನಾಲ್ಕೇ ಹೆಸರು

ಕೀಟನಾಶಕದ ಉಳಿಕೆ, ಸೀಸ, ಕ್ಯಾಡ್ಮಿಯಂ, ಬೂಷ್ಟಿನ ಅಫ್ಲಾಟಾಕ್ಸಿನ್ ಇವಕ್ಕೆಲ್ಲ ನಮ್ಮ ಆಹಾರ ಸುರಕ್ಷತಾ ನಿಯಮಗಳಲ್ಲಿ ಮಿತಿಗಳಿವೆ. ಗಿಡವೇ ತಯಾರಿಸುವ ವಿಷಗಳ ಮಾತು ಬಂದರೆ 2011ರ ಕಲ್ಮಶ, ವಿಷ ಮತ್ತು ಉಳಿಕೆಗಳ ನಿಯಮಾವಳಿಯಲ್ಲಿ 'ಸಹಜವಾಗಿ ಇರುವ ವಿಷವಸ್ತು'ಗಳೆಂದು ಹೆಸರಿಸಿರುವುದು ನಾಲ್ಕನ್ನು: ಅಗಾರಿಕ್ ಆಮ್ಲ 100 ಪಿಪಿಎಂ (ಅಂದರೆ ಕಿಲೋಗೆ 100 ಮಿ.ಗ್ರಾಂ), ಹೈಡ್ರೊಸಯನಿಕ್ ಆಮ್ಲ 5, ಹೈಪೆರಿಸಿನ್ 1, ಸ್ಯಾಫ್ರೋಲ್ 10. ಆಕ್ಸಲೇಟ್ ಇದರಲ್ಲಿಲ್ಲ. ಲಿಚಿ ಹಣ್ಣಿನಲ್ಲಿರುವ, ರಕ್ತದ ಸಕ್ಕರೆಯನ್ನು ಇಳಿಸುವ ಹೈಪೋಗ್ಲೈಸಿನ್ ಇಲ್ಲ. ಹಾಗಾಗಿ ಯಾರಾದರೂ ಬಿಂಬಲಿ ರಸವನ್ನು ಬಾಟಲಿಯಲ್ಲಿ ತುಂಬಿಸಿ ಮಾರಿದರೆ, ಆಕ್ಸಲೇಟ್ ಇಂತಿಷ್ಟು ಮೀರಿದೆ ಎಂದು ಅಧಿಕಾರಿ ತಕರಾರು ತೆಗೆಯಲು ಅಂಥ ಅಂಕಿಯೇ ಇಲ್ಲ. ಮಿತಿ ಇಡಬೇಕೆಂದರೆ ಮೊದಲು ದೇಶದ ಹಣ್ಣುಗಳ ನಂಬಬಹುದಾದ ಅಳತೆಗಳು ಬೇಕು.

ತಾಜಾ ಹಣ್ಣಿನ ವಿಷಯದಲ್ಲಿ ಇನ್ನೊಂದು ತೊಡಕಿದೆ. 2006ರ ಕಾಯ್ದೆಯಂತೆ ಅಧಿಕಾರಿ ತೆಗೆದ ಮಾದರಿಯನ್ನು ನಾಲ್ಕು ಭಾಗ ಮಾಡಬೇಕು. ವಿಶ್ಲೇಷಕರಿಗೆ ವರದಿ ಕೊಡಲು 14 ದಿನಗಳ ಅವಧಿ ಇದೆ. ಎಣ್ಣೆ, ಹಿಟ್ಟು, ಬೇಳೆಗೆ ಇದು ಸರಿ. ಬಿಂಬಲಿ ಕೊಯ್ದ ನಾಲ್ಕೈದು ದಿನಕ್ಕೆ ಕೊಳೆತು ರಸ ಬಿಡುತ್ತದೆ. ಕೊಯ್ದ ಕ್ಷಣದಿಂದ ಹಣ್ಣು ಬದಲಾಗುತ್ತಲೇ ಇರುತ್ತದೆ ಎಂಬುದನ್ನು ಲೆಕ್ಕಕ್ಕೆ ಹಿಡಿಯದ ಅಳತೆ ಹಣ್ಣಿನ ಅಳತೆಯಲ್ಲ, ಕೊಳೆತದ ಅಳತೆ. ಖರೀದಿದಾರರೇ ಶುಲ್ಕ ಕಟ್ಟಿ ಆಹಾರವನ್ನು ಪರೀಕ್ಷೆಗೆ ಕೊಡಲು ಅದೇ ಕಾಯ್ದೆಯ 40ನೇ ಕಲಂ ಅವಕಾಶ ಕೊಡುತ್ತದೆ. ಹಾಗೆ ಕೊಡುವವರೂ ಮುಂದಿನ ವಿಷಯವನ್ನು ಗಮನಿಸಬೇಕು.

ಅಳತೆ ಶುರುವಾಗುವುದು ಮರದ ಬುಡದಲ್ಲಿ

ಪ್ರಯೋಗಾಲಯದಲ್ಲಿ ಆಗುವ ತಪ್ಪಿಗಿಂತ ಮಾದರಿ ತೆಗೆಯುವಾಗ ಆಗುವ ತಪ್ಪು ದೊಡ್ಡದು. ಒಂದು ಊರಿನ ಬಿಂಬಲಿ ಬಗ್ಗೆ ಮಾತಾಡಬೇಕಾದರೆ ಕನಿಷ್ಠ ಮೂರು ಮರ ಬೇಕು. ಪ್ರತಿ ಮರದಿಂದ 20–25 ಕಾಯಿ, ಬುಡದ ಗೊಂಚಲಿನಿಂದಲೂ ಮೇಲಿನ ಕೊಂಬೆಯಿಂದಲೂ. ಗಟ್ಟಿ ಹಸಿರು ಕಾಯಿ ಒಂದು ಚೀಲಕ್ಕೆ, ಹಳದಿಗೆ ತಿರುಗಿ ಮೆತ್ತಗಾದದ್ದು ಇನ್ನೊಂದಕ್ಕೆ. ಎರಡನ್ನೂ ಬೆರೆಸಿದರೆ ಮಾಗುವಾಗ ಏನಾಗುತ್ತದೆ ಎಂಬ ಮುಖ್ಯ ಸಂಗತಿಯೇ ಕಳೆದುಹೋಗುತ್ತದೆ. ನೆಲಕ್ಕೆ ಬಿದ್ದದ್ದನ್ನು ಆರಿಸಬಾರದು: ಒಡೆದ ಸಿಪ್ಪೆಯಿಂದ ರಸ ಸೋರಿರುತ್ತದೆ. ತೊಳೆಯುವುದಾದರೆ ತೊಟ್ಟು ಸಮೇತ ಬೇಗ ತೊಳೆದು ಬಟ್ಟೆಯಲ್ಲಿ ಒರೆಸಬೇಕು. ನೀರಿನಲ್ಲಿ ನೆನೆಹಾಕಿದರೆ ಕರಗುವ ಆಕ್ಸಲೇಟ್ ನೀರಿಗೆ ಇಳಿಯುತ್ತದೆ.

ತೂಕವನ್ನು ಮರದ ಬುಡದಲ್ಲೇ ನೋಡಿ ಬರೆಯಬೇಕು. ಇದನ್ನು ಬಿಡುವವರೇ ಹೆಚ್ಚು. ಬಿಂಬಲಿಯಲ್ಲಿ ನೂರಕ್ಕೆ ತೊಂಬತ್ತಕ್ಕೂ ಮೇಲ್ಪಟ್ಟು ನೀರು. ಮೇ ತಿಂಗಳ ಮಧ್ಯಾಹ್ನ ಕಾರಿನ ಡಿಕ್ಕಿಯಲ್ಲಿ ಚೀಲ ಇಟ್ಟು ತಂದು, ದಾರಿಯಲ್ಲಿ ನೂರಕ್ಕೆ ಹತ್ತರಷ್ಟು ನೀರು ಆರಿಹೋದರೆ ಗ್ರಾಮಿಗೆ 9.0 ಇದ್ದದ್ದು 10.0 ಎಂದು ಕಾಣುತ್ತದೆ. ಹಣ್ಣಿನಲ್ಲಿ ಒಂದು ಕಣವೂ ಹೆಚ್ಚಾಗಿಲ್ಲ, ಆದರೂ ಕೋಷ್ಟಕದಲ್ಲಿ ಹೆಚ್ಚಾಯಿತು. ಪಾಲಿಥಿನ್ ಚೀಲದ ಬಾಯಿ ಕಟ್ಟಿ ಐಸ್ ಡಬ್ಬದಲ್ಲಿಟ್ಟು ತಂದರೆ ಇದು ತಪ್ಪುತ್ತದೆ. ಮೀನು ಸಾಗಿಸುವ ಥರ್ಮಾಕೋಲ್ ಡಬ್ಬ ಸಾಕು. ಮಂಜುಗಡ್ಡೆ ಕಾಯಿಗೆ ನೇರ ತಾಗದಂತೆ ನಡುವೆ ಗೋಣಿ ಹಾಸಬೇಕು.

ಇದೇ ಕಾರಣಕ್ಕೆ, ಯಾವುದೇ ವರದಿಯಲ್ಲಿ ಅಂಕಿ ಹಸಿ ತೂಕಕ್ಕೋ ಒಣ ತೂಕಕ್ಕೋ ಎಂದು ಮೊದಲು ಕೇಳಬೇಕು. ನೂರಕ್ಕೆ 94 ನೀರಿರುವ ಹಣ್ಣಿನಲ್ಲಿ ಹಸಿ ತೂಕದ 9 ಮಿ.ಗ್ರಾಂ ಎಂದರೆ ಒಣ ತೂಕಕ್ಕೆ 150 ಮಿ.ಗ್ರಾಂ. ಎರಡೂ ಸತ್ಯ. ಘಟಕ ಬರೆಯದೆ 150 ಎಂದಷ್ಟೇ ಬರೆದು ಹಂಚಿದರೆ ಊರೆಲ್ಲ ಹೆದರುತ್ತದೆ. ಉಪ್ಪು ಹಚ್ಚಿ ಬಿಸಿಲಿಗೆ ಒಣಗಿಸಿಟ್ಟ ಬಿಂಬಲಿಗೆ 9 ಎಂದು ಬರೆದರೆ ಯಾರೂ ಹೆದರಬೇಕಾದಷ್ಟು ಹೆದರುವುದಿಲ್ಲ.

ಪ್ರಯೋಗಾಲಯಕ್ಕೆ ಬಂದಮೇಲೆ ಪ್ರತಿ ಕಾಯಿಯನ್ನು ಉದ್ದಕ್ಕೆ ನಾಲ್ಕು ಸೀಳು ಮಾಡಿ ಎದುರುಬದುರಿನ ಎರಡು ಸೀಳು ತೆಗೆದುಕೊಳ್ಳಬೇಕು. ಅಡ್ಡ ಕೊಯ್ದು ಮಧ್ಯದ ಬಿಲ್ಲೆ ಮಾತ್ರ ತೆಗೆದರೆ ತೊಟ್ಟಿನ ಕಡೆ ಮತ್ತು ತುದಿಯ ಕಡೆ ಬಿಟ್ಟುಹೋಗುತ್ತವೆ. ಚಾಕು, ಮಿಕ್ಸಿ ಬ್ಲೇಡ್ ಸ್ಟೇನ್‌ಲೆಸ್ ಆಗಿರಲಿ; ಕಬ್ಬಿಣದ ಮೆಟ್ಟುಗತ್ತಿ ಬೇಡ, ಕರಗಿದ ಕಬ್ಬಿಣ ಮುಂದಿನ ಹಂತದಲ್ಲಿ ತೊಂದರೆ ಕೊಡುತ್ತದೆ. ರುಬ್ಬಿದ್ದನ್ನು ಅಳತೆಗೆ ತೆಗೆಯುವಾಗ ಮಿ.ಲೀ.ನಲ್ಲಿ ತೆಗೆಯದೆ ತೂಗಿ ತೆಗೆಯಬೇಕು. ನೊರೆಯಲ್ಲಿ ಗಾಳಿ ಇರುತ್ತದೆ, ತಳದಲ್ಲಿ ನಾರು ಕೂತಿರುತ್ತದೆ. ಅದೇ ದಿನ ಮಾಡಲಾಗದಿದ್ದರೆ ಮೈನಸ್ 20 ಡಿಗ್ರಿಯಲ್ಲಿ ಇಡಬಹುದು. ಕರಗಿಸಿದಾಗ ರಸ ಬೇರೆ, ತಿರುಳು ಬೇರೆಯಾಗಿ ನಿಲ್ಲುತ್ತದೆ. ಆಗ ಪೂರ್ತಿಯನ್ನು ಇನ್ನೊಮ್ಮೆ ರುಬ್ಬಿಯೇ ತೂಗಬೇಕು.

ಬ್ಯುರೆಟ್‌ನಲ್ಲಿ ಆಕ್ಸಲೇಟ್

ದ್ವಿತೀಯ ಪಿಯುಸಿ ವಿಜ್ಞಾನ ಓದಿದವರಿಗೆಲ್ಲ ಪೊಟ್ಯಾಸಿಯಂ ಪರ್ಮ್ಯಾಂಗನೇಟ್ ಮತ್ತು ಆಕ್ಸಾಲಿಕ್ ಆಮ್ಲದ ಟೈಟ್ರೇಶನ್ ನೆನಪಿರುತ್ತದೆ: ಗೆರೆ ಹಾಕಿದ ಗಾಜಿನ ನಳಿಗೆಯಾದ ಬ್ಯುರೆಟ್‌ನಿಂದ ಒಂದು ದ್ರಾವಣವನ್ನು ಹನಿಹನಿಯಾಗಿ ಬಿಟ್ಟು, ಬಣ್ಣ ಬದಲಾಗುವವರೆಗೆ ಎಷ್ಟು ಹೋಯಿತೆಂದು ಅಳೆಯುವುದು. ಬಿಂಬಲಿಯ ಅಳತೆಯ ಹೃದಯ ಅದೇ. ಕಾರವಾರ, ಕುಮಟಾ, ಶಿರಸಿಯ ಪದವಿ ಕಾಲೇಜುಗಳ ರಸಾಯನಶಾಸ್ತ್ರ ವಿಭಾಗದಲ್ಲಿ ಇದಕ್ಕೆ ಬೇಕಾದದ್ದು ಬಹುಪಾಲು ಇದ್ದೇ ಇರುತ್ತದೆ. ಆದರೆ ಹಣ್ಣಿನ ರಸಕ್ಕೆ ನೇರವಾಗಿ ಪರ್ಮ್ಯಾಂಗನೇಟ್ ಬಿಟ್ಟರೆ ಬರುವ ಅಂಕಿ ಪೂರ್ತಿ ತಪ್ಪು. ಸಕ್ಕರೆ, ಸಿ ಜೀವಸತ್ವ, ಒಗರು ಕೊಡುವ ಟ್ಯಾನಿನ್ ಎಲ್ಲವೂ ಪರ್ಮ್ಯಾಂಗನೇಟನ್ನು ತಿನ್ನುತ್ತವೆ. ಅದಕ್ಕಾಗಿ ಮೊದಲು ಆಕ್ಸಲೇಟನ್ನು ಕ್ಯಾಲ್ಸಿಯಂ ಜೊತೆ ಕೂಡಿಸಿ, ಬಿಳಿ ಗಸಿಯಾಗಿ ಇಳಿಸಿ, ಬೇರ್ಪಡಿಸಬೇಕು.

ಕ್ರಮ ಹೀಗಿದೆ. 10 ಗ್ರಾಂ ತಿರುಳನ್ನು ಶಂಕುಪಾತ್ರೆಗೆ ತೂಗಿ, 50 ಮಿ.ಲೀ. ನೀರು, 10 ಮಿ.ಲೀ. 6 ನಾರ್ಮಲ್ (ದ್ರಾವಣ ಎಷ್ಟು ಗಾಢ ಎಂಬುದರ ಅಳತೆ) ಹೈಡ್ರೊಕ್ಲೋರಿಕ್ ಆಮ್ಲ ಹಾಕಿ ಕುದಿನೀರಿನ ತೊಟ್ಟಿಯಲ್ಲಿ ಒಂದು ಗಂಟೆ ಇಡಬೇಕು. ತಣಿಸಿ 100 ಮಿ.ಲೀ.ಗೆ ತುಂಬಿಸಿ ಸೋಸಬೇಕು. ಇದರಲ್ಲಿ 20 ಮಿ.ಲೀ. ತೆಗೆದುಕೊಂಡರೆ ಅದು 2 ಗ್ರಾಂ ಹಣ್ಣಿಗೆ ಸಮ. ಹುಳಿಗೆ ತಕ್ಕಂತೆ ಬಣ್ಣ ಬದಲಿಸುವ ಸೂಚಕವಾದ ಮೀಥೈಲ್ ರೆಡ್ ಎರಡು ಹನಿ ಬಿಟ್ಟು, ಗುಲಾಬಿ ಹೋಗಿ ಮಾಸಲು ಹಳದಿ ಬರುವವರೆಗೆ ಅಮೋನಿಯಾವನ್ನು ಹನಿಹನಿಯಾಗಿ ಸೇರಿಸಬೇಕು. ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು) 4ರಿಂದ 4.5ರ ನಡುವೆ ನಿಲ್ಲುತ್ತದೆ. ಅಮೋನಿಯಾ ಹೆಚ್ಚಾಗಿ ಕ್ಷಾರವಾದರೆ ಎರಡು ಕೆಡುಕು: ಕ್ಯಾಲ್ಸಿಯಂ ಫಾಸ್ಫೇಟ್ ಕೂಡ ಗಸಿಯಾಗಿ ಇಳಿಯುತ್ತದೆ, ಸಿ ಜೀವಸತ್ವ ಒಡೆದು ತಾನೇ ಆಕ್ಸಲೇಟ್ ಆಗತೊಡಗುತ್ತದೆ. 90 ಡಿಗ್ರಿಗೆ ಕಾಯಿಸಿ, ತಣಿಸಿ, ಕಬ್ಬಿಣದ ಗಸಿ ಇದ್ದರೆ ಸೋಸಿ ತೆಗೆಯಬೇಕು. ಮತ್ತೆ 90 ಡಿಗ್ರಿಗೆ ತಂದು, ಕದಡುತ್ತಾ, ನೂರಕ್ಕೆ 5ರ ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣ 10 ಮಿ.ಲೀ. ನಿಧಾನ ಬಿಡಬೇಕು. ರಾತ್ರಿಯಿಡೀ ಹಾಗೇ ಇಡಬೇಕು. ಅವಸರ ಮಾಡಿ ಎರಡು ಗಂಟೆಗೇ ಸೋಸಿದರೆ ನವಿರಾದ ಹರಳುಗಳು ಕಾಗದದ ಮೂಲಕ ದಾಟಿಹೋಗುತ್ತವೆ, ಅಂಕಿ ಕಡಿಮೆ ಬರುತ್ತದೆ.

ಮರುದಿನ ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ ಗಸಿಯನ್ನು ತಣ್ಣನೆಯ, ಸ್ವಲ್ಪ ಅಮೋನಿಯಾ ಬೆರೆಸಿದ ನೀರಿನಲ್ಲಿ ಎರಡು ಮೂರು ಸಲ ತೊಳೆಯಬೇಕು. ತೊಳೆದ ನೀರಿಗೆ ನೈಟ್ರಿಕ್ ಆಮ್ಲ ಹಾಕಿ ಆಮ್ಲೀಯ ಮಾಡಿ, ಸಿಲ್ವರ್ ನೈಟ್ರೇಟ್ ಹನಿ ಬಿಟ್ಟಾಗ ಬಿಳಿಯಾಗದಿದ್ದರೆ ಕ್ಲೋರೈಡ್ ಹೋಯಿತೆಂದರ್ಥ. ಕ್ಲೋರೈಡ್ ಉಳಿದರೆ ಅದೂ ಪರ್ಮ್ಯಾಂಗನೇಟ್ ತಿನ್ನುತ್ತದೆ, ಅಂಕಿ ಉಬ್ಬುತ್ತದೆ. ಹಾಗೆಂದು ಹತ್ತು ಸಲ ತೊಳೆಯುವುದೂ ಸಲ್ಲ. ಕ್ಯಾಲ್ಸಿಯಂ ಆಕ್ಸಲೇಟ್ ಲೀಟರ್ ನೀರಿಗೆ ಆರೇಳು ಮಿ.ಗ್ರಾಂನಷ್ಟು ಕರಗುತ್ತದೆ, ತೊಳೆದಷ್ಟೂ ಸ್ವಲ್ಪ ಹೋಗುತ್ತಿರುತ್ತದೆ.

ಗಸಿಯನ್ನು 10 ಮಿ.ಲೀ. ಬಿಸಿ ಸಲ್ಫ್ಯೂರಿಕ್ ಆಮ್ಲದಲ್ಲಿ (ನೂರಕ್ಕೆ 20ರದ್ದು) ಕರಗಿಸಿ, ನೀರು ಬೆರೆಸಿ, 60ರಿಂದ 70 ಡಿಗ್ರಿಯಲ್ಲಿ 0.05 ನಾರ್ಮಲ್ ಪರ್ಮ್ಯಾಂಗನೇಟ್ ಬಿಡಬೇಕು. ಮೊದಲ ಒಂದೆರಡು ಹನಿಯ ಬಣ್ಣ ಹೋಗಲು ತಡವಾಗುತ್ತದೆ. ಹುಟ್ಟುವ ಮ್ಯಾಂಗನೀಸ್ ಅಯಾನ್ ತಾನೇ ಪ್ರಕ್ರಿಯೆಯನ್ನು ಚುರುಕುಗೊಳಿಸಬೇಕು, ಅದು ಹುಟ್ಟುವವರೆಗೆ ಕಾಯಬೇಕು. ಬಣ್ಣ ಹೋಗಲಿಲ್ಲವೆಂದು ಅಲ್ಲಿಗೇ ನಿಲ್ಲಿಸುವುದು ಹೊಸಬರು ಮಾಡುವ ತಪ್ಪು. ಬೇಗಬೇಗ ಸುರಿದರೆ, ಇಲ್ಲವೇ ಆಮ್ಲ ಸಾಲದಿದ್ದರೆ, ಪಾತ್ರೆಯಲ್ಲಿ ಕಂದು ಕದಡು ಏಳುತ್ತದೆ: ಆ ಪಾತ್ರೆಯನ್ನು ಚೆಲ್ಲಿ ಮತ್ತೆ ಮಾಡಬೇಕು, ಸರಿಪಡಿಸುವ ದಾರಿಯಿಲ್ಲ. ತೆಳು ಗುಲಾಬಿ ಬಣ್ಣ ಅರ್ಧ ನಿಮಿಷ ನಿಂತರೆ ಮುಗಿಯಿತು.

0.05 ನಾರ್ಮಲ್ ದ್ರಾವಣದ ಪ್ರತಿ ಮಿ.ಲೀ. 2.25 ಮಿ.ಗ್ರಾಂ ಆಕ್ಸಾಲಿಕ್ ಆಮ್ಲಕ್ಕೆ ಸಮ. 8.0 ಮಿ.ಲೀ. ಹೋಯಿತೆಂದರೆ 18 ಮಿ.ಗ್ರಾಂ, 2 ಗ್ರಾಂ ಹಣ್ಣಿನಲ್ಲಿ, ಗ್ರಾಮಿಗೆ 9. ಇಲ್ಲಿ ಅಡಗಿರುವ ಒಂದು ಬಲೆ ಎಷ್ಟೋ ವರದಿಗಳನ್ನು ಕೆಡಿಸುತ್ತದೆ. ಬಾಟಲಿಯಲ್ಲಿ ಸಿಗುವ ಆಕ್ಸಾಲಿಕ್ ಆಮ್ಲದ ಹರಳಿನಲ್ಲಿ ಎರಡು ನೀರಿನ ಅಣುಗಳಿವೆ, ಅಣುಭಾರ 126, ನೀರಿಲ್ಲದ್ದಕ್ಕೆ 90. ಯಾವುದರ ಲೆಕ್ಕ ಎಂದು ಹೇಳದಿದ್ದರೆ ಒಂದೇ ಹಣ್ಣು ಒಬ್ಬರ ವರದಿಯಲ್ಲಿ 9, ಇನ್ನೊಬ್ಬರದ್ದರಲ್ಲಿ 12.6 ಆಗುತ್ತದೆ. ಒಟ್ಟು ಹುಳಿಯನ್ನು ಸೋಡಿಯಂ ಹೈಡ್ರಾಕ್ಸೈಡಿನಿಂದ ಅಳೆದು 'ಆಕ್ಸಾಲಿಕ್ ಆಮ್ಲವಾಗಿ' ಎಂದು ಬರೆಯುವುದು ಇದಕ್ಕಿಂತ ದೊಡ್ಡ ತಪ್ಪು. ಬಿಂಬಲಿಯ ಹುಳಿಯಲ್ಲಿ ಬೇರೆ ಆಮ್ಲಗಳೂ ಇವೆ, ಅವಷ್ಟೂ ವಿಷದ ಲೆಕ್ಕಕ್ಕೆ ಸೇರಿಬಿಡುತ್ತವೆ.

ಅಂಕಿ ಸರಿಯೇ ಎಂದು ತಿಳಿಯಲು ಎರಡು ಪರೀಕ್ಷೆ ಬೇಕೇಬೇಕು. ಹಣ್ಣಿಲ್ಲದೆ ಬರೀ ರಾಸಾಯನಿಕಗಳನ್ನೇ ಇದೇ ಕ್ರಮದಲ್ಲಿ ನಡೆಸಿ, ಬಂದ ಅಂಕಿಯನ್ನು ಕಳೆಯುವುದು ಒಂದು. ಇನ್ನೊಂದರಲ್ಲಿ, ಅದೇ ತಿರುಳಿನ ಮತ್ತೊಂದು 10 ಗ್ರಾಂಗೆ, 105 ಡಿಗ್ರಿಯಲ್ಲಿ ಒಣಗಿಸಿದ ಸೋಡಿಯಂ ಆಕ್ಸಲೇಟ್ 100 ಮಿ.ಗ್ರಾಂ ಬೆರೆಸಿ ಪೂರ್ತಿ ಕ್ರಮ ಮಾಡಬೇಕು. ಅದರಲ್ಲಿರುವುದು 67 ಮಿ.ಗ್ರಾಂ ಆಕ್ಸಾಲಿಕ್ ಆಮ್ಲ. ಅಳತೆಯಲ್ಲಿ 67ಕ್ಕೆ ಬದಲು 60ರಿಂದ 74ರ ಒಳಗೆ ಹೆಚ್ಚಳ ಕಂಡರೆ ಸರಿ. 45 ಕಂಡರೆ ಗಸಿ ಎಲ್ಲೋ ಸೋರಿದೆ. ಸೇರಿಸಿದ್ದನ್ನೇ ಮರಳಿ ಹಿಡಿಯಲಾಗದ ಕೈ, ಹಣ್ಣಿನಲ್ಲಿದ್ದದ್ದನ್ನು ಹಿಡಿದಿದೆ ಎಂದು ನಂಬುವುದು ಹೇಗೆ? ಪರ್ಮ್ಯಾಂಗನೇಟ್ ದ್ರಾವಣವನ್ನೂ ಸೋಡಿಯಂ ಆಕ್ಸಲೇಟಿನಿಂದಲೇ ಆ ದಿನವೇ ಪ್ರಮಾಣೀಕರಿಸಬೇಕು. ಕಂದು ಬಾಟಲಿಯಲ್ಲಿಟ್ಟರೂ ಅದು ದಿನಕಳೆದಂತೆ ಶಕ್ತಿ ಕಳೆದುಕೊಳ್ಳುತ್ತದೆ.

ಮೂರನೆಯದೊಂದು ಸುಲಭದ ತಾಳೆ ಇದೆ. ಗ್ರಾಮಿಗೆ 9 ಮಿ.ಗ್ರಾಂ ಎಂದರೆ ಕಿಲೋಗೆ 0.1 ಮೋಲ್. ಅಷ್ಟು ಆಕ್ಸಾಲಿಕ್ ಆಮ್ಲ ಶುದ್ಧ ನೀರಿನಲ್ಲಿದ್ದರೆ ಪಿಎಚ್ 1.3ರ ಹತ್ತಿರ ಇರುತ್ತದೆ. ಬ್ರೆಜಿಲಿನ ಹಣ್ಣಿನಲ್ಲಿ ಸಿಕ್ಕ ಪಿಎಚ್ ಕೂಡ 0.9ರಿಂದ 1.5. ಪಿಎಚ್ ಮೀಟರ್ 3 ತೋರಿಸುತ್ತಾ ಆಕ್ಸಲೇಟ್ 9 ಎಂದು ಬಂದರೆ ಎರಡರಲ್ಲೊಂದನ್ನು ಮತ್ತೆ ನೋಡಲೇಬೇಕು. ಮೀಟರನ್ನು 4 ಮತ್ತು 7ರ ಬಫರ್‌ನಲ್ಲಿ (ಪಿಎಚ್ ಮೊದಲೇ ಗೊತ್ತಿರುವ ದ್ರಾವಣ) ಮಾತ್ರ ಹೊಂದಿಸಿದ್ದರೆ ಇಷ್ಟು ಹುಳಿಗೆ ಅದನ್ನು ನಂಬಬಾರದು, 1.68ರ ಬಫರ್ ಬೇಕು. ಆ ಬಫರ್ ಪೊಟ್ಯಾಸಿಯಂ ಟೆಟ್ರಾಕ್ಸಲೇಟ್, ಅಂದರೆ ಅದೂ ಆಕ್ಸಲೇಟೇ. ಇಲೆಕ್ಟ್ರೋಡನ್ನು ಚೆನ್ನಾಗಿ ತೊಳೆಯದೆ ಮಾದರಿಗೆ ಅದ್ದಿದರೆ ಅಳೆಯಬೇಕಾದದ್ದನ್ನೇ ಬೆರೆಸಿದಂತೆ. ಪಿಎಚ್ ನೋಡಿದ ರಸವನ್ನು ಟೈಟ್ರೇಶನ್ನಿಗೆ ಬಳಸದಿರುವುದೇ ಒಳ್ಳೆಯದು.

ಪಾಲಕ್‌ನಂಥ ಸೊಪ್ಪಿನಲ್ಲಿ ಕರಗುವ ಆಕ್ಸಲೇಟ್ ಮತ್ತು ಒಟ್ಟು ಆಕ್ಸಲೇಟ್ ಎಂದು ಎರಡು ಅಂಕಿ ಕೊಡುವ ವಾಡಿಕೆಯಿದೆ: ಬರೀ ನೀರಿನಲ್ಲಿ ಹೊರಬಂದದ್ದು ಮೊದಲನೆಯದು, ಆಮ್ಲದಲ್ಲಿ ಬಂದದ್ದು ಎರಡನೆಯದು. ಮೈಗೆ ಸುಲಭವಾಗಿ ಸೇರುವುದು ಕರಗುವ ಪಾಲು. ಬಿಂಬಲಿಯಲ್ಲಿ ಈ ಗೆರೆ ಮಸುಕು. ಹಣ್ಣಿನ ರಸವೇ ಅಷ್ಟು ಆಮ್ಲವಾಗಿರುವುದರಿಂದ 'ನೀರಿನಲ್ಲಿ' ತೆಗೆದರೂ ಅದು ಆಮ್ಲದಲ್ಲಿ ತೆಗೆದಂತೆಯೇ. ಹಾಗಾಗಿ ಬಿಂಬಲಿ ರಸದ ಆಕ್ಸಲೇಟ್ ಬಹುಪಾಲು ಕರಗಿದ ಸ್ಥಿತಿಯಲ್ಲೇ ಇದೆ ಎಂದು ಎಣಿಸುವುದು ಕ್ಷೇಮ. ದ್ರಾವಣದಲ್ಲಿರುವ ವಸ್ತುಗಳನ್ನು ಕಾಲಂ ಎಂಬ ಕೊಳವೆಯ ಮೂಲಕ ಹಾಯಿಸಿ ಬೇರ್ಪಡಿಸುವ ಎಚ್‌ಪಿಎಲ್‌ಸಿ ಯಂತ್ರ ಇದ್ದವರಿಗೂ ಒಂದು ಮಾತು: ಸಾಮಾನ್ಯ ಸಿ18 ಕಾಲಂನಲ್ಲಿ ಆಕ್ಸಾಲಿಕ್ ಆಮ್ಲ ನಿಲ್ಲದೆ, ದ್ರಾವಕದ ಜೊತೆಗೇ ಹೊರಬಂದುಬಿಡುತ್ತದೆ, ಬೇರೆಯವೂ ಅದರ ಬೆನ್ನಿಗೇ ಬರುತ್ತವೆ. ಅಯಾನ್ ಕ್ರೊಮ್ಯಾಟೊಗ್ರಫಿ ಇದಕ್ಕೆ ಹೆಚ್ಚು ಒಗ್ಗುತ್ತದೆ.

ಕಳಲೆಯ ವಿಷ ಹಾರುತ್ತದೆ, ಬಿಂಬಲಿಯದ್ದು ಕೂತಿರುತ್ತದೆ

ಶಿರಸಿ, ಸಿದ್ದಾಪುರದ ಕಡೆ ಮಳೆಗಾಲದಲ್ಲಿ ಕಳಲೆಯನ್ನು ಹೆಚ್ಚಿ, ಎರಡು ಮೂರು ದಿನ ನೀರು ಬದಲಿಸುತ್ತಾ ನೆನೆಸಿ, ಆಮೇಲೆ ಬೇಯಿಸುತ್ತಾರೆ. ಕಳಲೆ ಹಣ್ಣಲ್ಲ, ಆದರೂ ಹೋಲಿಕೆಗೆ ಇಲ್ಲಿ ಬೇಕು. ಅದರಲ್ಲಿರುವ ಟ್ಯಾಕ್ಸಿಫಿಲಿನ್ ಹೆಚ್ಚಿದಾಗ ಒಡೆದು ಹೈಡ್ರೊಸಯನಿಕ್ ಆಮ್ಲ ಬಿಡುತ್ತದೆ. ನೆನೆಸಿದಾಗ, ಮುಚ್ಚಳ ತೆಗೆದು ಕುದಿಸಿದಾಗ ಅದು ನೀರಿಗೂ ಗಾಳಿಗೂ ಹೋಗುತ್ತದೆ. ಹಾಗಾಗಿ ಇದರ ಮಾದರಿಯನ್ನು ಹೆಚ್ಚಿ ತಂದರೆ ಅಳೆಯುವಷ್ಟರಲ್ಲಿ ಅಂಕಿ ಇಳಿದಿರುತ್ತದೆ: ಇಡಿಯಾಗಿ ತರಬೇಕು, ಪ್ರಯೋಗಾಲಯದಲ್ಲೇ ಕೊಯ್ದು ತಕ್ಷಣ ಬಾಟಲಿಯ ಮುಚ್ಚಳ ಹಾಕಬೇಕು. ಬಾಟಲಿಯೊಳಗೆ ತೂಗುಬಿಟ್ಟ ಪಿಕ್ರೇಟ್ ಕಾಗದ ಹಳದಿಯಿಂದ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ. ಒಂದು ದಿನದ ನಂತರ ಬಣ್ಣದ ಗಾಢತೆಯಿಂದ ಸಯನೈಡ್ ಎಷ್ಟೆಂದು ತಿಳಿಯುತ್ತದೆ. ಮರಗೆಣಸಿಗೂ ಇದೇ ಪರೀಕ್ಷೆ. ಪಿಕ್ರಿಕ್ ಆಮ್ಲ ಒಣಗಿದರೆ ಸಿಡಿಯುವ ವಸ್ತು, ಅದನ್ನು ಒದ್ದೆಯಾಗಿಯೇ ಇಟ್ಟುಕೊಳ್ಳಬೇಕು.

ಆಕ್ಸಲೇಟ್ ಹಾಗಲ್ಲ. ಕುದಿಸಿದರೆ ಗಾಳಿಗೆ ಹೋಗುವುದಿಲ್ಲ. ನೀರು ಚೆಲ್ಲಿದರೆ ಮಾತ್ರ ನೀರಿನ ಜೊತೆ ಹೋಗುತ್ತದೆ. ಬಿಂಬಲಿಯನ್ನು ಉಪ್ಪುನೀರಿನಲ್ಲಿ ನೆನೆಸಿ, ಹಿಂಡಿ, ಆ ನೀರನ್ನು ಚೆಲ್ಲುವ ಉಪ್ಪಿನಕಾಯಿ ಪದ್ಧತಿಯಲ್ಲಿ ಪ್ರಮಾಣ ಇಳಿಯುತ್ತದೆ; ಹಿಂಡಿದ ನೀರನ್ನೇ ಔಷಧವೆಂದು ಕುಡಿದರೆ ಅಲ್ಲಿರುವುದೇ ವಿಷದ ಮುಖ್ಯ ಪಾಲು. ಕಳಲೆಗೆ ಸರಿಯಾದ ಉಪಾಯ ಬಿಂಬಲಿಗೆ ಸಾಲದು. ವಿಷ ಯಾವುದು ಎಂದು ತಿಳಿಯದೆ 'ಚೆನ್ನಾಗಿ ಕುದಿಸಿ' ಎಂದು ಹೇಳುವ ಸಲಹೆ ಎಲ್ಲ ಕಡೆಗೂ ಹೊಂದುವುದಿಲ್ಲ.

ನಾಲಿಗೆಯನ್ನು ನಂಬಬಹುದಾದ ವಿಷಗಳೂ ಇವೆ. ಸೋರೆಕಾಯಿ ರಸ ಕುಡಿದು ಸಾವುಗಳಾದಾಗ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ತಜ್ಞರ ಸಮಿತಿ ಕೊಟ್ಟ ಸಲಹೆ ಸರಳವಾಗಿತ್ತು: ಕಹಿಯಿದ್ದರೆ ಕುಡಿಯಬೇಡಿ. ಅಲ್ಲಿನ ಕುಕುರ್ಬಿಟಾಸಿನ್ ಕಹಿಯಾಗಿಯೇ ಎಚ್ಚರಿಸುತ್ತದೆ. ನೂರು ಕಾಯಲ್ಲಿ ಒಂದು ಮಾತ್ರ ಕಹಿಯಾಗಿರಬಹುದಾದ್ದರಿಂದ ಹತ್ತು ಕಾಯಿ ಬೆರೆಸಿ ಅಳೆದ ಸರಾಸರಿ ಆ ಒಂದನ್ನು ಮುಚ್ಚಿಹಾಕುತ್ತದೆ. ಅಲ್ಲಿ ಒಂದೊಂದೇ ಕಾಯಿ ನೋಡಬೇಕು. ಬಿಂಬಲಿಯಲ್ಲಿ ಹುಳಿ ಎಲ್ಲ ಕಾಯಲ್ಲೂ ಇದೆ, ಒಂದು ಲೋಟಕ್ಕೆ ಹತ್ತಾರು ಕಾಯಿ ಹೋಗುತ್ತದೆ. ಬೆರೆಸಿ ಅಳೆಯುವುದೇ ಇಲ್ಲಿ ಸರಿ.

ಮುಜಫ್ಫರ್‌ಪುರ ಕಲಿಸಿದ್ದು

ಲಿಚಿ ನಮ್ಮ ಕರಾವಳಿಯ ಬೆಳೆಯಲ್ಲ, ಬೇಸಿಗೆಯಲ್ಲಿ ಉತ್ತರದಿಂದ ಬಂದು ಅಂಗಡಿಯಲ್ಲಿ ಕೂರುತ್ತದೆ. ಬಿಹಾರದ ಮುಜಫ್ಫರ್‌ಪುರದಲ್ಲಿ ಪ್ರತಿ ವರ್ಷ ಲಿಚಿ ಕಾಲದಲ್ಲಿ ಮಕ್ಕಳು ಬೆಳಗಿನ ಜಾವ ಸೆಳವು ಬಂದು ಸಾಯುತ್ತಿದ್ದರು. 2014ರಲ್ಲಿ ಎರಡು ಆಸ್ಪತ್ರೆಗಳಿಗೆ ಬಂದ 390 ಮಕ್ಕಳಲ್ಲಿ 122 ಮಂದಿ ತೀರಿಕೊಂಡರು. ವೈರಸ್ಸೋ, ಕೀಟನಾಶಕವೋ, ಬಿಸಿಲೋ ಎಂಬ ವಾದ ವರ್ಷಗಟ್ಟಲೆ ನಡೆದಿತ್ತು. ವಾದಕ್ಕೆ ದಾರಿ ತೋರಿಸಿದ್ದು ಅಳತೆ. 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 36 ಲಿಚಿಗಳ ತಿರುಳನ್ನು ಅಳೆದಾಗ ಗ್ರಾಮಿಗೆ 12.4ರಿಂದ 152 ಮೈಕ್ರೋಗ್ರಾಂ ಹೈಪೋಗ್ಲೈಸಿನ್ ಎ, 44.9ರಿಂದ 220 ಮೈಕ್ರೋಗ್ರಾಂ ಅದರ ಸೋದರ ವಸ್ತು ಎಂಸಿಪಿಜಿ ಸಿಕ್ಕವು. 73 ಮಕ್ಕಳ ಮೂತ್ರದಲ್ಲಿ 48ರಲ್ಲಿ ಇವೇ ಒಡೆದು ಹುಟ್ಟುವ ವಸ್ತುಗಳು ಇದ್ದವು. ಇವು ಮೈ ಕೊಬ್ಬನ್ನು ಉರಿಸುವ ದಾರಿಯನ್ನೂ, ಹೊಸ ಗ್ಲೂಕೋಸ್ ತಯಾರಿಸುವ ದಾರಿಯನ್ನೂ ಕಟ್ಟುತ್ತವೆ. ರಾತ್ರಿ ಊಟ ಮಾಡದೆ ಮಲಗಿದ ಮಗುವಿನ ಸಕ್ಕರೆ ಬೆಳಗಿನ ಹೊತ್ತಿಗೆ ತಳ ಮುಟ್ಟುತ್ತದೆ.

ಅಲ್ಲಿನ ಅಂಕಿಗಳಲ್ಲಿ ಕಣ್ಣಿಗೆ ಹೊಡೆಯುವುದು ಅಂತರ: 12ರಿಂದ 152, ಹನ್ನೆರಡು ಪಟ್ಟು. ಸರಾಸರಿ ಹೇಳಿದರೆ ಮೇಲಿನ ಹಣ್ಣಿಗೂ ಸುಳ್ಳು, ಕೆಳಗಿನ ಹಣ್ಣಿಗೂ ಸುಳ್ಳು. ಹೈಪೋಗ್ಲೈಸಿನ್‌ಗೆ ಮಿತಿ ಇಟ್ಟಿರುವ ಉದಾಹರಣೆ ಅಮೆರಿಕದಲ್ಲಿದೆ, ಜಮೈಕಾದ ಆಕೀ ಹಣ್ಣಿನ ಡಬ್ಬಗಳಿಗೆ 100 ಪಿಪಿಎಂ. ಆಕೀ ಮರದಲ್ಲೇ ತಾನಾಗಿ ಬಾಯಿಬಿಡುವ ಮೊದಲು ಕಿತ್ತರೆ ವಿಷ ಇದರ ಎಷ್ಟೋ ಪಟ್ಟು, ಬಿರಿದ ಮೇಲೆ ಮಿತಿಯೊಳಗೆ. ಇದನ್ನು ಅಳೆಯಲು ಬ್ಯುರೆಟ್ ಸಾಲದು. ವಸ್ತುಗಳನ್ನು ಬೇರ್ಪಡಿಸಿ ಅಣುಗಳ ಭಾರದಿಂದ ಗುರುತಿಸುವ ಎಲ್‌ಸಿ-ಎಂಎಸ್ ಯಂತ್ರ ಬೇಕು. ಹೈಪೋಗ್ಲೈಸಿನ್ ಒಂದು ಸಣ್ಣ ಅಮೈನೋ ಆಮ್ಲ, ಲಿಚಿಯ ಸಕ್ಕರೆ ಅದರ ಸಂಕೇತವನ್ನು ಕುಗ್ಗಿಸುತ್ತದೆ. ಆದ್ದರಿಂದ ಗೊತ್ತಿರುವ ಪ್ರಮಾಣವನ್ನು ಲಿಚಿ ತಿರುಳಿಗೇ ಬೆರೆಸಿ ಹೊಂದಿಸಬೇಕೇ ಹೊರತು ಶುದ್ಧ ನೀರಿನಲ್ಲಿ ಹೊಂದಿಸಿದರೆ ಅಂಕಿ ಕಡಿಮೆ ಬರುತ್ತದೆ.

ಕಮರಾಕ್ಷಿಗೆ ಆಕ್ಸಲೇಟ್ ಅಂಕಿ ಸಾಲದು

ಬಿಂಬಲಿಯ ಹತ್ತಿರದ ನೆಂಟ ಕಮರಾಕ್ಷಿ, ಕೆಲವೆಡೆ ಧಾರೆಹುಳಿ, ಪೇಟೆಯಲ್ಲಿ ಸ್ಟಾರ್ ಫ್ರೂಟ್. ಅದರಲ್ಲೂ ಆಕ್ಸಲೇಟ್ ಇದೆ, ಹುಳಿ ತಳಿಯಲ್ಲಿ ಹೆಚ್ಚು, ಸಿಹಿ ತಳಿಯಲ್ಲಿ ಕಡಿಮೆ. ಇದರ ಜೊತೆಗೆ ಮಿದುಳಿಗೆ ತಾಗುವ ಇನ್ನೊಂದು ವಸ್ತುವೂ ಇದೆ. ಬ್ರೆಜಿಲಿನ ವಿಜ್ಞಾನಿಗಳು ಅದನ್ನು ಬೇರ್ಪಡಿಸಿ 2013ರಲ್ಲಿ ಕ್ಯಾರಂಬಾಕ್ಸಿನ್ ಎಂದು ಹೆಸರಿಟ್ಟರು. ಮೂತ್ರಪಿಂಡ ಸರಿಯಿದ್ದವರು ಮಿತವಾಗಿ ತಿಂದರೆ ಅದು ಮೂತ್ರದಲ್ಲಿ ಹೋಗಿಬಿಡುತ್ತದೆ. ಮೂತ್ರಪಿಂಡ ಸೋತವರಲ್ಲಿ ಅರ್ಧ ಹಣ್ಣಿಗೇ ನಿಲ್ಲದ ಬಿಕ್ಕಳಿಕೆ, ಗೊಂದಲ, ಸೆಳವು ಬಂದ ವರದಿಗಳಿವೆ. ಆಕ್ಸಲೇಟ್ ಕಡಿಮೆ ಇರುವ ಸಿಹಿ ತಳಿ ಎಂಬ ಪ್ರಮಾಣಪತ್ರ ಇವರಿಗೆ ಕೆಲಸಕ್ಕೆ ಬಾರದು. ಡಯಾಲಿಸಿಸ್‌ನಲ್ಲಿರುವವರಿಗೆ ಮತ್ತು ಕ್ರಿಯಾಟಿನಿನ್ (ಮೂತ್ರಪಿಂಡ ಸೋತಾಗ ರಕ್ತದಲ್ಲಿ ಏರುವ ವಸ್ತು) ಏರಿದೆ ಎಂದು ವೈದ್ಯರು ಹೇಳಿದವರಿಗೆ ಈ ಹಣ್ಣಿನ ಕ್ಷೇಮದ ಪ್ರಮಾಣ ಸೊನ್ನೆ. ಇದನ್ನು ಮನೆಯ ಊಟದ ಮೇಜಿನಲ್ಲಿ ಗಟ್ಟಿಯಾಗಿ ಹೇಳಬೇಕು. ಎಷ್ಟೋ ರೋಗಿಗಳಿಗೆ ಬಾಳೆಹಣ್ಣು, ಎಳನೀರು ಬೇಡವೆಂದು ಗೊತ್ತು, ಕಮರಾಕ್ಷಿಯ ಮಾತು ಗೊತ್ತಿಲ್ಲ.

ಉತ್ತರ ಕನ್ನಡ ಜಿಲ್ಲೆಯ ನಾಲ್ಕು ಕಾಲೇಜುಗಳು ತಲಾ ಮೂರು ಮರ ಹಿಡಿದು, ವರ್ಷಕ್ಕೆ ನಾಲ್ಕು ಸಲ, ಹಸಿರು ಮತ್ತು ಮಾಗಿದ್ದು ಎಂದು ಎರಡು ಹಂತದಲ್ಲಿ ಬಿಂಬಲಿಯನ್ನು ಅಳೆದರೆ 96 ಅಂಕಿಗಳಾಗುತ್ತವೆ. ಪ್ರತಿ ಅಂಕಿಯ ಪಕ್ಕದಲ್ಲಿ ಕೊಯ್ದ ದಿನ, ಮರದ ಬುಡದ ತೂಕ, ನೀರಿನ ಅಂಶ, ಹಸಿ ತೂಕಕ್ಕೆ ಲೆಕ್ಕ, ನೀರಿಲ್ಲದ ಆಕ್ಸಾಲಿಕ್ ಆಮ್ಲವಾಗಿ, ಮರಳಿ ಸಿಕ್ಕ ಪ್ರಮಾಣ ನೂರಕ್ಕೆ ಇಷ್ಟು ಎಂದು ಬರೆದಿದ್ದರೆ ಬೇರೆ ಯಾರ ಅಂಕಿಯ ಜೊತೆಗೂ ಇಟ್ಟು ನೋಡಬಹುದು. ಇಷ್ಟಕ್ಕೆ ದುಬಾರಿ ಯಂತ್ರ ಬೇಕಾಗಿಲ್ಲ.

ರಸ ಕುಡಿದ ಮೇಲೆ ಮೂತ್ರ ಕಡಿಮೆಯಾದರೆ, ವಾಂತಿ, ಸೊಂಟನೋವು, ಮುಖ ಊತ ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಅಲ್ಲಿ 'ಏನೋ ಮನೆಮದ್ದು' ಎಂದರೆ ವೈದ್ಯರಿಗೆ ದಾರಿ ಸಿಗುವುದಿಲ್ಲ. ಬಿಂಬಲಿ ಎಂದು ಹೆಸರು ಹೇಳಬೇಕು: ಎಷ್ಟು ಕಾಯಿ, ಸೋಸಿದ್ದೋ ಹಾಗೆಯೋ, ಎಷ್ಟು ಮಿ.ಲೀ., ಎಷ್ಟು ದಿನದಿಂದ, ಹೊಟ್ಟೆ ಖಾಲಿಯಿತ್ತೋ ಇಲ್ಲವೋ, ಸಿ ಜೀವಸತ್ವದ ಮಾತ್ರೆಯನ್ನೂ ನುಂಗುತ್ತಿದ್ದರೋ ಎಂಬುದನ್ನೆಲ್ಲ. ಉಳಿದ ರಸ ಬಾಟಲಿಯಲ್ಲಿದ್ದರೆ ಚೆಲ್ಲದೆ, ಮುಚ್ಚಳ ಬಿಗಿದು, ಜೊತೆಯಲ್ಲೇ ಒಯ್ಯಬೇಕು.